ಅಂಬೊಸೆಲಿ ಪ್ರದೇಶದ ಸಿಂಹ ನಿಗಾವಣೆ

ಅಂಬೊಸೆಲಿ ಪ್ರದೇಶದ ಸಿಂಹ ನಿಗಾವಣೆಯು ದಕ್ಷಿಣ ಕೀನ್ಯಾದ ಮಸಾಯಿ ಜನರ ಸಾಮೂಹಿಕ ಒಡೆತನದ ಹುಲ್ಲುಗಾವಲುಗಳಲ್ಲಿ ವಾಸಿಸುವ ಕಾಡುಸಿಂಹಗಳನ್ನು ಗುರುತಿಸಿ, ಅವುಗಳ ಚಲನವಲನವನ್ನು ದಾಖಲಿಸುವ ಕಾರ್ಯವಾಗಿದೆ. ಇದನ್ನು ಮುಖ್ಯವಾಗಿ ೨೦೦೭ರಲ್ಲಿ ಆರಂಭವಾದ 'ಲಯನ್ ಗಾರ್ಡಿಯನ್ಸ್' ಸಂಸ್ಥೆಯು ನಡೆಸುತ್ತಿದೆ. ಲೀಲಾ ಹಝ್ಝಾ ಮತ್ತು ಸ್ಟೆಫನಿ ಡಾಲ್‌ರೆನ್ರಿ ಇದರ ಸ್ಥಾಪಕರು.

ಹಿನ್ನೆಲೆ

ಅಂಬೊಸೆಲಿ ರಾಷ್ಟ್ರೀಯ ಉದ್ಯಾನದ ವಿಸ್ತೀರ್ಣ ಸುಮಾರು ೩೯೦ ಚದರ ಕಿಲೋಮೀಟರ್ ಮಾತ್ರ. ಸಿಂಹದ ಸಂಚಾರಕ್ಕೆ ಇದು ಸಾಲದು. ಉದ್ಯಾನಕ್ಕೆ ಬೇಲಿಯೂ ಇಲ್ಲದಿರುವುದರಿಂದ ಸಿಂಹಗಳು ಸುತ್ತಲಿನ ಸಮುದಾಯ ಭೂಮಿಗೆ ಬಂದು, ದನ, ಕುರಿ, ಮೇಕೆಗಳಿರುವ ನೆಲದಲ್ಲಿಯೇ ಬದುಕುತ್ತವೆ. ಮಸಾಯಿಗಳ ಪಾಲಿಗೆ ದನವೇ ಸಂಪತ್ತು. ಒಂದು ಹಸುವಿನ ನಷ್ಟ ಸಣ್ಣದಲ್ಲ. ಕೀನ್ಯಾದಲ್ಲಿ ೧೯೭೭ರಲ್ಲೇ ಬೇಟೆ ನಿಷೇಧಗೊಂಡಿದ್ದರೂ ಸೇಡಿನ ಹತ್ಯೆ, ವಿಷಪ್ರಾಶನ ಹಾಗೂ 'ಒಲಮಾಯೋ' ಎಂಬ ಸಾಂಪ್ರದಾಯಿಕ ಸಿಂಹಬೇಟೆ ನಿಂತಿರಲಿಲ್ಲ. ಸಿಂಹವನ್ನು ಭರ್ಜಿಯಿಂದ ಕೊಂದ ಯುವ ಯೋಧನಿಗೆ ಸಮುದಾಯದಲ್ಲಿ ಹೊಸ ಹೆಸರು ಮತ್ತು ಗೌರವ ದೊರೆಯುತ್ತಿತ್ತು. ಬಿರಿಕಾನಿಯಲ್ಲಿ ೨೦೦೩ರಿಂದ ಜಾನುವಾರು ನಷ್ಟಕ್ಕೆ ಪರಿಹಾರ ನೀಡುವ ಯೋಜನೆಯೂ ಜಾರಿಗೆ ಬಂದಿತು. ಆದರೆ ಪರಿಹಾರದ ಹಣವು ಯೋಧನ ಪ್ರತಿಷ್ಠೆಗೆ ಬದಲಿಯಾಗಲಾರದು.

ವಿಧಾನ

ನಿಗಾವಣೆಗೆ ಆಯ್ಕೆಯಾದವರು ಇದೇ ಯೋಧರು. ಇವರಲ್ಲಿ ಕೆಲವರು ಹಿಂದೆ ಸಿಂಹಗಳನ್ನು ಕೊಂದವರೇ ಆಗಿದ್ದರು. ಹೆಜ್ಜೆಗುರುತು ನೋಡಿ ಸಿಂಹದ ಜಾಡು ಹಿಡಿಯುವುದು ಅವರಿಗೆ ಬಾಲ್ಯದಿಂದಲೇ ತಿಳಿದಿರುವ ವಿದ್ಯೆ. ಶಾಲೆಯ ಮುಖ ಕಾಣದ ಅನೇಕರು ಇಲ್ಲಿ ಓದುಬರಹ ಕಲಿತು, ಜಿಪಿಎಸ್ ಉಪಕರಣದಲ್ಲಿ ಮಾಹಿತಿ ದಾಖಲಿಸುತ್ತಾರೆ. ಕೆಲವು ಸಿಂಹಗಳಿಗೆ ರೇಡಿಯೊ ಕಾಲರ್ ತೊಡಿಸಲಾಗುತ್ತದೆ.

ಪ್ರತಿ ಸಿಂಹವನ್ನು ಬಿಡಿಯಾಗಿ ಗುರುತಿಸಲು ಮೀಸೆಯ ಬುಡದ ಚುಕ್ಕೆಗಳು ನೆರವಾಗುತ್ತವೆ. ಮೇಲಿನ ಸಾಲಿನ ಚುಕ್ಕೆಗಳ ಸ್ಥಾನವು ಸಿಂಹದಿಂದ ಸಿಂಹಕ್ಕೆ ಬೇರೆಯಾಗಿದ್ದು, ಜೀವನಪರ್ಯಂತ ಬದಲಾಗುವುದಿಲ್ಲ. ನೈರೋಬಿ ಉದ್ಯಾನದ ಸಿಂಹಗಳ ಅಧ್ಯಯನದ ಆಧಾರದಲ್ಲಿ ಪೆನಿಕ್ವಿಕ್ ಮತ್ತು ರುಡ್ನಾಯ್ ೧೯೭೦ರಲ್ಲಿ ಈ ವಿಧಾನವನ್ನು ಪ್ರಕಟಿಸಿದರು. ಆದರೆ ಸಮುದಾಯ ಭೂಮಿಯ ಸಿಂಹಗಳು ಮನುಷ್ಯರನ್ನು ಕಂಡರೆ ಅಡಗುತ್ತವೆ. ಹಗಲಿನಲ್ಲಿ ಕಾಣಸಿಗುವುದೇ ಅಪರೂಪ. ಆದ್ದರಿಂದ ಚಿತ್ರಕ್ಕಿಂತ ಜಾಡೇ ಇಲ್ಲಿ ಹೆಚ್ಚು ಉಪಯುಕ್ತವಾಗಿದೆ. ಗುರುತಿಸಿದ ಸಿಂಹಕ್ಕೆ ಮಸಾಯಿ ಹೆಸರನ್ನಿಡುತ್ತಾರೆ.

ಸಿಂಹವಿರುವ ದಿಕ್ಕನ್ನು ದನಗಾಹಿಗಳಿಗೆ ಮೊದಲೇ ತಿಳಿಸಿ, ಮಂದೆಯನ್ನು ಬೇರೆಡೆಗೆ ಕಳುಹಿಸುವುದು ಗಾರ್ಡಿಯನ್‌ಗಳ ಮುಖ್ಯ ಕೆಲಸ. ತಪ್ಪಿಹೋದ ಜಾನುವಾರುಗಳನ್ನು ಹುಡುಕುವುದು, 'ಬೋಮಾ' ಎಂಬ ಮುಳ್ಳುಬೇಲಿಯ ದೊಡ್ಡಿಗಳನ್ನು ಭದ್ರಪಡಿಸುವುದು, ಬೇಟೆಗೆ ಹೊರಟ ಗುಂಪನ್ನು ಮನವೊಲಿಸಿ ಹಿಂದಿರುಗಿಸುವುದು ಸಹ ಇದರಲ್ಲಿ ಸೇರಿವೆ.

ಮಿತಿಗಳು

ನಿಗಾವಣೆಯಿದ್ದರೂ ಹತ್ಯೆಗಳು ಪೂರ್ಣವಾಗಿ ನಿಂತಿಲ್ಲ. ಹಲವು ವರ್ಷ ನಿಗಾದಲ್ಲಿದ್ದ, ಸುಮಾರು ೧೯ ವರ್ಷ ವಯಸ್ಸಿನ 'ಲೂನ್ಕಿಟೊ' ಎಂಬ ಗಂಡುಸಿಂಹವು ೨೦೨೩ರ ಮೇ ತಿಂಗಳಲ್ಲಿ ದೊಡ್ಡಿಯೊಂದಕ್ಕೆ ನುಗ್ಗಿದಾಗ ಭರ್ಜಿಗೆ ಬಲಿಯಾಯಿತು. ಕಾಡಿನ ಗಂಡುಸಿಂಹ ಇಷ್ಟು ವರ್ಷ ಬದುಕುವುದು ಅತಿ ವಿರಳ. ಅದೇ ವಾರ ಬಿರಿಕಾನಿಯಲ್ಲಿ ಮೇಕೆಗಳನ್ನು ಕೊಂದ ಆರು ಸಿಂಹಗಳನ್ನೂ ಕೊಲ್ಲಲಾಯಿತು.

ಭಾರತದಲ್ಲಿ

ಗುಜರಾತಿನ ೨೦೨೫ರ ಗಣತಿಯಲ್ಲಿ ೮೯೧ ಏಷ್ಯಾ ಸಿಂಹಗಳು ಎಣಿಕೆಯಾಗಿದ್ದು, ಅರ್ಧಕ್ಕಿಂತ ಹೆಚ್ಚು ಸಿಂಹಗಳು ಗಿರ್ ರಾಷ್ಟ್ರೀಯ ಉದ್ಯಾನ ಮತ್ತು ಅಭಯಾರಣ್ಯದ ಹೊರಗೆ ಕಂಡುಬಂದವು. ಇಲ್ಲಿ ನಿಗಾವಣೆಯನ್ನು ರಾಜ್ಯದ ಅರಣ್ಯ ಇಲಾಖೆ ನಿರ್ವಹಿಸುತ್ತದೆ.