ವಾಣಿಜ್ಯ ಕಟ್ಟಡಗಳ ಅಗ್ನಿಸುರಕ್ಷತೆ: ಅಹಮದಾಬಾದ್, ವಡೋದರಾ, ಸೂರತ್

ಅಂಗಡಿ, ಕಚೇರಿ, ಗೋದಾಮು, ಹೋಟೆಲು, ಆಸ್ಪತ್ರೆ, ಕೋಚಿಂಗ್ ತರಗತಿ ಮುಂತಾದ ಜನ ಸೇರುವ ಕಟ್ಟಡಗಳಲ್ಲಿ ಬೆಂಕಿ ಹುಟ್ಟದಂತೆ, ಹುಟ್ಟಿದರೆ ಹರಡದಂತೆ, ಹರಡಿದರೂ ಒಳಗಿದ್ದವರು ಜೀವಸಹಿತ ಹೊರಬರುವಂತೆ ನೋಡಿಕೊಳ್ಳುವ ಉಪಕರಣ, ಕಟ್ಟಡರಚನೆ ಮತ್ತು ಕಾನೂನುಪಾಲನೆಗಳ ಒಟ್ಟು ವ್ಯವಸ್ಥೆಯೇ ಅಗ್ನಿಸುರಕ್ಷತೆ. ಗುಜರಾತಿನ ಈ ಮೂರು ದೊಡ್ಡ ನಗರಗಳ ಸುತ್ತ ಬಟ್ಟೆ, ರಾಸಾಯನಿಕ, ಔಷಧ ಮತ್ತು ಪೆಟ್ರೋಲಿಯಂ ಉದ್ಯಮಗಳು ಒತ್ತಾಗಿ ಬೆಳೆದಿರುವುದರಿಂದಲೂ, 2019ರಿಂದ ಈಚೆಗೆ ಆ ರಾಜ್ಯ ಕಂಡ ಸಾಲು ದುರಂತಗಳಿಂದಲೂ, ಈ ವಿಷಯದ ಅಧ್ಯಯನಕ್ಕೆ ಅವು ಮುಖ್ಯ ಉದಾಹರಣೆಗಳಾಗಿವೆ.

ಸಂವಿಧಾನದ 74ನೆಯ ತಿದ್ದುಪಡಿಯಿಂದ ಬಂದ 12ನೆಯ ಅನುಸೂಚಿಯು ಅಗ್ನಿಶಾಮಕ ಸೇವೆಯನ್ನು ನಗರಾಡಳಿತದ ಕೆಲಸಗಳ ಪಟ್ಟಿಯಲ್ಲಿ ಸೇರಿಸಿದೆ. ಕರ್ನಾಟಕದಲ್ಲಿ 1964ರ ಅಧಿನಿಯಮದ ಅಡಿಯಲ್ಲಿ ಈ ಸೇವೆ ರಾಜ್ಯ ಸರ್ಕಾರದ ಇಲಾಖೆಯಾಗಿ ನಡೆದುಬಂದಿದ್ದರೆ, ಗುಜರಾತಿನ ದೊಡ್ಡ ನಗರಗಳಲ್ಲಿ ಅದನ್ನು ಮಹಾನಗರಪಾಲಿಕೆಗಳೇ ನಡೆಸುತ್ತವೆ. ವಡೋದರಾದ ದಾಂಡಿಯಾ ಬಜಾರಿನ ಅಗ್ನಿಶಾಮಕ ಠಾಣೆ ಅಲ್ಲಿನ ಪಾಲಿಕೆಗೆ ಸೇರಿದ್ದು. ಬೆಂಗಳೂರಿನಲ್ಲಿ ವ್ಯವಹರಿಸಿ ಗುಜರಾತಿಗೆ ಹೋಗುವ ಕನ್ನಡಿಗ ಉದ್ಯಮಿಗೆ ಮೊದಲು ಎದುರಾಗುವ ವ್ಯತ್ಯಾಸ ಇದೇ. ರಾಜ್ಯಕ್ಕೆಲ್ಲ ಅನ್ವಯಿಸುವ ಕಾನೂನು 2013ರ ಗುಜರಾತ್ ಅಗ್ನಿ ತಡೆ ಮತ್ತು ಜೀವರಕ್ಷಣಾ ಕ್ರಮಗಳ ಅಧಿನಿಯಮ. ಕಟ್ಟುವುದಕ್ಕೆ ಮೊದಲು ನಕ್ಷೆಗೆ ಅಗ್ನಿಸುರಕ್ಷತೆಯ ಒಪ್ಪಿಗೆ, ಕಟ್ಟಿ ಮುಗಿದ ಮೇಲೆ ಪರಿಶೀಲನೆಯಾಗಿ ಪ್ರಮಾಣಪತ್ರ, ಆಮೇಲೆ ಅದರ ನವೀಕರಣ ಎಂಬ ಕ್ರಮದಲ್ಲಿ ಕೆಲಸ ನಡೆಯುತ್ತದೆ. ಈ ಪ್ರಮಾಣಪತ್ರವನ್ನೇ ಜನ ಈಗಲೂ ‘ಫೈರ್ ಎನ್‌ಒಸಿ’ ಎನ್ನುತ್ತಾರೆ. ಇದಲ್ಲದೆ, ಮಂಜೂರಾದ ನಕ್ಷೆಯಂತೆಯೇ ಕಟ್ಟಡ ಎದ್ದಿದೆ ಎಂದು ಪಾಲಿಕೆ ಕೊಡುವ ಬಳಕೆಯ ಅನುಮತಿಯೂ, ಅಂದರೆ ‘ಬಿ.ಯು. ಪರ್ಮಿಷನ್’ ಕೂಡ, ಬೇಕಾಗುತ್ತದೆ. ಒಂದು ಬಳಕೆಗೆ ಅನುಮತಿ ಪಡೆದು ಇನ್ನೊಂದಕ್ಕೆ ಉಪಯೋಗಿಸುವುದು, ತಾರಸಿಯ ಮೇಲೆ ತಗಡು ಹೊದಿಸಿ ಮಹಡಿ ಮಾಡಿಕೊಳ್ಳುವುದು, ನೆಲಮಾಳಿಗೆಯ ವಾಹನ ನಿಲುಗಡೆಯನ್ನು ಗೋದಾಮಾಗಿಸುವುದು ಈ ನಗರಗಳ ಹಳೆಯ ರೋಗ. ಅನೇಕ ದುರಂತಗಳ ಬೇರು ಉಪಕರಣದ ಕೊರತೆಗಿಂತ ಮೊದಲು ಅಲ್ಲೇ ಇದೆ.

ಯಾವ ಕಟ್ಟಡಕ್ಕೆ ಏನೇನು ಬೇಕು ಎಂಬುದಕ್ಕೆ ತಾಂತ್ರಿಕ ಆಧಾರ 2016ರ ರಾಷ್ಟ್ರೀಯ ಕಟ್ಟಡ ಸಂಹಿತೆಯ 4ನೆಯ ಭಾಗ. ಅದು ಕಟ್ಟಡಗಳನ್ನು ಬಳಕೆಗೆ ತಕ್ಕಂತೆ ಗುಂಪುಗಳಾಗಿ ವಿಂಗಡಿಸುತ್ತದೆ: ಶಿಕ್ಷಣದವು ‘ಬಿ’, ಆಸ್ಪತ್ರೆಗಳು ‘ಸಿ’, ಜನ ಒಟ್ಟುಗೂಡುವಂಥವು ‘ಡಿ’, ಕಚೇರಿಗಳು ‘ಇ’, ಅಂಗಡಿಮುಂಗಟ್ಟುಗಳು ‘ಎಫ್’, ಕಾರ್ಖಾನೆಗಳು ‘ಜಿ’, ಗೋದಾಮುಗಳು ‘ಎಚ್’ ಗುಂಪಿಗೆ ಸೇರುತ್ತವೆ. ಎತ್ತರ, ವಿಸ್ತೀರ್ಣ ಮತ್ತು ಈ ಗುಂಪು ಕೂಡಿ ಉಪಕರಣಗಳ ಪಟ್ಟಿಯನ್ನು ನಿರ್ಧರಿಸುತ್ತವೆ. 15 ಮೀಟರ್ ಅಥವಾ ಅದಕ್ಕೂ ಹೆಚ್ಚು ಎತ್ತರದ ಕಟ್ಟಡವನ್ನು ಸಂಹಿತೆಯು ಬಹುಮಹಡಿ ಕಟ್ಟಡ ಎಂದು ಎಣಿಸುತ್ತದೆ.

ಉಪಕರಣಗಳಲ್ಲಿ ಎಲ್ಲರ ಕಣ್ಣಿಗೆ ಬೀಳುವುದು ಗೋಡೆಗೆ ತೂಗುಹಾಕಿದ ಕೆಂಪು ಸಿಲಿಂಡರ್, ಅಂದರೆ ಅಗ್ನಿನಂದಕ. ಉರಿಯುವ ವಸ್ತುವನ್ನು ನೋಡಿ ಬೆಂಕಿಯನ್ನು ವರ್ಗಗಳಾಗಿ ಮಾಡುತ್ತಾರೆ: ಮರ, ಕಾಗದ, ಬಟ್ಟೆ ‘ಎ’, ಪೆಟ್ರೋಲ್, ದ್ರಾವಕಗಳಂಥ ದ್ರವ ‘ಬಿ’, ಅನಿಲ ‘ಸಿ’, ಲೋಹ ‘ಡಿ’, ಅಡುಗೆ ಎಣ್ಣೆ ‘ಎಫ್’. ಮೊದಲ ಮೂರಕ್ಕೂ ಒದಗುವ ‘ಎ.ಬಿ.ಸಿ.’ ಪುಡಿಯ ಸಿಲಿಂಡರ್ ಅಂಗಡಿಗಳಲ್ಲಿ ಹೆಚ್ಚು ಬಳಕೆಯಲ್ಲಿದ್ದು, ಅದರೊಳಗಿನ ಪುಡಿ ಮುಖ್ಯವಾಗಿ ಮೋನೋ ಅಮೋನಿಯಂ ಫಾಸ್ಫೇಟ್. ವಿದ್ಯುತ್ ಫಲಕ, ಸರ್ವರ್ ಕೊಠಡಿಗಳ ಬಳಿ ಇಂಗಾಲದ ಡೈಆಕ್ಸೈಡ್ ಸಿಲಿಂಡರ್ ಇಡುತ್ತಾರೆ. ಕರಾವಳಿ ಕರ್ನಾಟಕದಿಂದ ಹೋದ ಹೋಟೆಲಿಗರು ಇಲ್ಲಿ ಒಂದು ಮಾತನ್ನು ವಿಶೇಷವಾಗಿ ಗಮನಿಸಬೇಕು: ವಡೆ ಕರಿಯುವ ಬಾಣಲೆಯ ಎಣ್ಣೆಗೆ ಬೆಂಕಿ ಹತ್ತಿದಾಗ ನೀರು ಸುರಿದರೆ, ಎಣ್ಣೆಗಿಂತ ಭಾರವಾದ ನೀರು ತಳಕ್ಕಿಳಿದು ಕ್ಷಣದಲ್ಲಿ ಆವಿಯಾಗಿ, ಉರಿಯುವ ಎಣ್ಣೆಯನ್ನು ಚಾವಣಿಯವರೆಗೆ ಚಿಮ್ಮಿಸುತ್ತದೆ. ಅನಿಲ ಬಂದ್ ಮಾಡಿ, ಲೋಹದ ಮುಚ್ಚಳದಿಂದ ಬಾಣಲೆಯನ್ನು ಮುಚ್ಚುವುದೂ, ‘ಎಫ್’ ವರ್ಗಕ್ಕೆಂದೇ ಮಾಡಿದ ಅಗ್ನಿನಂದಕವನ್ನು ಅಡುಗೆಮನೆಯ ಬಾಗಿಲ ಬಳಿ ಇಡುವುದೂ ಸರಿಯಾದ ಕ್ರಮ.

ಸಿಲಿಂಡರ್ ಇದ್ದ ಮಾತ್ರಕ್ಕೆ ಅದು ಕೆಲಸ ಮಾಡುತ್ತದೆ ಎನ್ನಲಾಗದು. ಪುಡಿಯ ಸಿಲಿಂಡರಿನ ಕತ್ತಿನಲ್ಲಿ ನಾಣ್ಯದಷ್ಟು ಅಗಲದ ಒತ್ತಡಮಾಪಕವಿದ್ದು, ಅದರ ಮುಳ್ಳು ಹಸಿರು ಪಟ್ಟಿಯೊಳಗೆ ನಿಂತಿರಬೇಕು. ಎಡಕ್ಕೆ ಕೆಂಪಿಗೆ ಜಾರಿದ್ದರೆ ಒಳಗಿನ ಒತ್ತಡ ಸೋರಿದೆ ಎಂದರ್ಥ. ಸುರಕ್ಷತಾ ಪಿನ್ನು ಮತ್ತು ಅದರ ಸೀಲು ಸ್ವಸ್ಥಾನದಲ್ಲಿರಬೇಕು, ಕೊಳವೆಯಲ್ಲಿ ಬಿರುಕಿರಬಾರದು, ಪುಡಿ ತೇವಕ್ಕೆ ಗಟ್ಟಿಯಾಗಿರಬಾರದು. ಇಂಗಾಲದ ಡೈಆಕ್ಸೈಡಿನದಕ್ಕೆ ಇಂಥ ಮಾಪಕವಿಲ್ಲದ ಕಾರಣ ಅದನ್ನು ತೂಗಿಯೇ ತಿಳಿಯಬೇಕು. ಬಳಸುವಾಗ ಪಿನ್ನು ಎಳೆದು, ಜ್ವಾಲೆಯ ತುದಿಗಲ್ಲ ಬುಡಕ್ಕೆ ಗುರಿಯಿಟ್ಟು, ಹಿಡಿಕೆ ಒತ್ತಿ, ಅತ್ತಿತ್ತ ಬೀಸಬೇಕು. ಸಣ್ಣ ಸಿಲಿಂಡರ್ ಅರ್ಧ ನಿಮಿಷದೊಳಗೆ ಬರಿದಾಗುವುದರಿಂದ, ಅದನ್ನು ಒಮ್ಮೆಯೂ ಕೈಯಲ್ಲಿ ಹಿಡಿಯದ ನೌಕರ ಸೂಚನೆ ಓದುತ್ತ ನಿಂತರೆ ಹೊತ್ತು ಮೀರಿಹೋಗುತ್ತದೆ. ಆಯ್ಕೆ, ಅಳವಡಿಕೆ ಮತ್ತು ನಿರ್ವಹಣೆಯ ವಿವರಗಳು ಐ.ಎಸ್. 2190 ಎಂಬ ಭಾರತೀಯ ಮಾನಕದಲ್ಲಿವೆ.

ದೊಡ್ಡ ಕಟ್ಟಡಗಳಲ್ಲಿ ಹೊಗೆಯನ್ನು ಗುರುತಿಸುವ ಸಂವೇದಕಗಳು, ಎಚ್ಚರಿಕೆಯ ಗಂಟೆ, ಪ್ರತಿ ಮಹಡಿಗೂ ನೀರೊಯ್ಯುವ ಹೈಡ್ರೆಂಟ್ ಕೊಳವೆ ಮತ್ತು ಚಾವಣಿಯ ಸ್ಪ್ರಿಂಕ್ಲರುಗಳು ಇರುತ್ತವೆ. ಸ್ಪ್ರಿಂಕ್ಲರಿನ ಬಾಯಿಗೆ ಬಿರಡೆಯಂತಿರುವ ಸಣ್ಣ ಗಾಜಿನ ಕೊಳವೆಯಲ್ಲಿ ಬಣ್ಣದ ದ್ರವ ತುಂಬಿರುತ್ತದೆ. ಕೆಂಪು ಬಣ್ಣದ್ದು 68 ಡಿಗ್ರಿ ಸೆಲ್ಸಿಯಸ್ ಶಾಖಕ್ಕೆ ಒಡೆದು ನೀರನ್ನು ಬಿಡುತ್ತದೆ. ಸಿನಿಮಾಗಳಲ್ಲಿ ಕಾಣುವಂತೆ ಎಲ್ಲವೂ ಒಮ್ಮೆಗೇ ಸುರಿಯುವುದಿಲ್ಲ, ಬೆಂಕಿಯ ಶಾಖ ತಗುಲಿದಷ್ಟು ಮಾತ್ರ ತೆರೆದುಕೊಳ್ಳುತ್ತವೆ. ಈ ಕೊಳವೆಗಳಲ್ಲಿ ಒತ್ತಡ ಸ್ವಲ್ಪ ಕುಸಿದಾಗ ಸರಿದೂಗಿಸುವುದು ಜಾಕಿ ಪಂಪು, ಹೆಚ್ಚು ನೀರು ಬೇಕಾದಾಗ ಓಡುವುದು ಮುಖ್ಯ ಪಂಪು, ವಿದ್ಯುತ್ ಹೋದಾಗ ಕೈಹಿಡಿಯುವುದು ಡೀಸೆಲ್ ಪಂಪು. ಪಂಪನ್ನು ‘ಆಟೋ’ದಿಂದ ತೆಗೆದು ‘ಮ್ಯಾನುಯಲ್’ನಲ್ಲಿ ಬಿಟ್ಟಿದ್ದರೆ ಲಕ್ಷಾಂತರ ರೂಪಾಯಿಯ ಏರ್ಪಾಟು ಅಲಂಕಾರವಾಗಿ ಉಳಿಯುತ್ತದೆ.

ಎಲ್ಲ ಉಪಕರಣಗಳಿಗಿಂತ ಮಿಗಿಲಾದದ್ದು ಹೊರಬರುವ ದಾರಿ. 2019ರ ಮೇ 24ರಂದು ಸೂರತ್ ನಗರದ ಸರ್ಥಾಣಾದ ತಕ್ಷಶಿಲಾ ಆರ್ಕೇಡ್ ಎಂಬ ವಾಣಿಜ್ಯ ಕಟ್ಟಡಕ್ಕೆ ಬೆಂಕಿ ಬಿದ್ದಾಗ, ಮೇಲಿನ ಮಹಡಿಯ ಕೋಚಿಂಗ್ ತರಗತಿಯಲ್ಲಿದ್ದ ಮಕ್ಕಳಿಗೆ ಇಳಿಯಲು ಇದ್ದ ಮರದ ಮೆಟ್ಟಿಲು ಸುಟ್ಟುಹೋಯಿತು. ಹೊಗೆ ತಾಳಲಾರದೆ ಅನೇಕರು ಕಿಟಕಿಯಿಂದ ಕೆಳಕ್ಕೆ ಹಾರಿದರು; 22 ವಿದ್ಯಾರ್ಥಿಗಳು ಸತ್ತರು. ಉರಿಯದ ವಸ್ತುವಿನ ಎರಡನೆಯ ಮೆಟ್ಟಿಲೊಂದು ಅಲ್ಲಿದ್ದಿದ್ದರೆ ಇಷ್ಟು ಮಕ್ಕಳು ಕಿಟಕಿಯ ಕಡೆಗೆ ಓಡಬೇಕಾಗುತ್ತಿರಲಿಲ್ಲ. ಆ ಮೇಲೆ ಗುಜರಾತಿನ ನಗರಗಳಲ್ಲಿ ಕೋಚಿಂಗ್ ತರಗತಿಗಳನ್ನು ಮುಚ್ಚಿಸಿ ತಪಾಸಣೆ ನಡೆಸಲಾಯಿತು. ಬೆಂಗಳೂರಿನ ಓದುಗರಿಗೆ 2010ರ ಫೆಬ್ರವರಿ 23ರ ಕಾರ್ಲ್‌ಟನ್ ಟವರ್ಸ್ ದುರಂತ ನೆನಪಿರಬಹುದು. ಅಲ್ಲಿಯೂ ಹೊಗೆಯಲ್ಲಿ ಸಿಕ್ಕಿಬಿದ್ದವರು ಕಿಟಕಿಯಿಂದ ಹಾರಿದ್ದರು, ಒಟ್ಟು 9 ಮಂದಿ ಸತ್ತರು. ಬೆಂಕಿಯಲ್ಲಿ ಜೀವ ತೆಗೆಯುವುದು ಬಹುಮಟ್ಟಿಗೆ ಜ್ವಾಲೆಯಲ್ಲ, ಹೊಗೆ. ಮೆಟ್ಟಿಲಿನ ಆವರಣಕ್ಕೆ ಅಗ್ನಿನಿರೋಧಕ ಬಾಗಿಲು ಇಟ್ಟು ಅದನ್ನು ಸದಾ ಮುಚ್ಚಿರಬೇಕು, ಆದರೆ ಬೀಗ ಹಾಕಬಾರದು ಎಂಬ ನಿಯಮದ ಕಾರಣವೂ ಅದೇ: ಹೊಗೆ ಮೆಟ್ಟಿಲಿಗೆ ನುಗ್ಗಬಾರದು, ಮನುಷ್ಯನಿಗೆ ತಡೆಯಿರಬಾರದು. ಬಾಗಿಲಿಗೆ ಇಟ್ಟಿಗೆ ಒತ್ತರಿಸಿ ತೆರೆದಿಡುವುದೂ, ಕಳ್ಳರ ಭಯಕ್ಕೆ ಸರಪಳಿ ಬಿಗಿಯುವುದೂ ಸಮಾನವಾದ ಅಪರಾಧಗಳು.

ಆಸ್ಪತ್ರೆಗಳಲ್ಲಿ ಸಂಗತಿ ಇನ್ನೂ ಕಠಿಣ, ಏಕೆಂದರೆ ಅಲ್ಲಿರುವವರು ತಾವಾಗಿ ಎದ್ದು ಓಡಲಾರರು. ಆಮ್ಲಜನಕ ಹೆಚ್ಚಿರುವ ಗಾಳಿಯಲ್ಲಿ ಸಣ್ಣ ಕಿಡಿಯೂ ಬೇಗ ಹಬ್ಬುತ್ತದೆ. 2020ರ ಆಗಸ್ಟ್ 6ರಂದು ಅಹಮದಾಬಾದಿನ ನವರಂಗಪುರದ ಶ್ರೇಯ್ ಆಸ್ಪತ್ರೆಯಲ್ಲಿ 8 ಕೋವಿಡ್ ರೋಗಿಗಳು ಸತ್ತರು. ಮರುತಿಂಗಳು ವಡೋದರಾದ ಸರ್ ಸಯಾಜಿರಾವ್ ಸಾರ್ವಜನಿಕ ಆಸ್ಪತ್ರೆಯ ಕೋವಿಡ್ ವಿಭಾಗದಲ್ಲಿ ಬೆಂಕಿ ಕಾಣಿಸಿದಾಗ ರೋಗಿಗಳನ್ನು ಬೇಗ ಸ್ಥಳಾಂತರಿಸಿದ್ದರಿಂದ ಜೀವಹಾನಿಯಾಗಲಿಲ್ಲ.

ಸೂರತ್‌ನ ಬಟ್ಟೆ ಮಾರುಕಟ್ಟೆಗಳ ಕಷ್ಟ ಬೇರೆ ಬಗೆಯದು. ಕೃತಕ ನೂಲಿನ ಸೀರೆಗಳ ಕಟ್ಟುಗಳು ಅಂಗಡಿಯಲ್ಲಿ ಚಾವಣಿಯವರೆಗೂ ಏರಿ, ಓಣಿಗೂ ಚಾಚಿಕೊಂಡಿರುತ್ತವೆ. ಈ ನೂಲು ಉರಿಯುವಾಗ ಕರಗಿ ತೊಟ್ಟಿಕ್ಕಿ ಕೆಳಗಿನದಕ್ಕೂ ಬೆಂಕಿ ಹಚ್ಚುತ್ತದೆ. 2025ರ ಫೆಬ್ರವರಿಯಲ್ಲಿ ಶಿವಶಕ್ತಿ ಬಟ್ಟೆ ಮಾರುಕಟ್ಟೆಗೆ ಹತ್ತಿದ ಬೆಂಕಿ ನೂರಾರು ಅಂಗಡಿಗಳನ್ನು ನುಂಗಿತು. ವಡೋದರಾದ ಸುತ್ತಲಿನ ನಂದೇಸರಿ, ಕೋಯಲಿಗಳಂಥ ರಾಸಾಯನಿಕ ಮತ್ತು ಪೆಟ್ರೋಲಿಯಂ ಪ್ರದೇಶಗಳಲ್ಲಿ ನೀರಿಗಿಂತ ನೊರೆಯೇ ಮುಖ್ಯ ಸಾಧನ. 2024ರ ನವೆಂಬರ್ 11ರಂದು ಕೋಯಲಿಯ ಸಂಸ್ಕರಣಾಗಾರದಲ್ಲಿ ಬೆಂಜೀನ್ ತೊಟ್ಟಿ ಸ್ಫೋಟಿಸಿ ಇಬ್ಬರು ಸತ್ತರು.

ಪರಿಶೀಲಿಸುವ ಕೈಗಳು ಕಡಿಮೆಯಿದ್ದುದರಿಂದ, ತರಬೇತಿ ಪಡೆದ ಖಾಸಗಿ ಎಂಜಿನಿಯರುಗಳನ್ನು ಅಗ್ನಿಸುರಕ್ಷತಾ ಅಧಿಕಾರಿಗಳನ್ನಾಗಿ ನೋಂದಾಯಿಸಿ ತಪಾಸಣೆಯ ಕೆಲಸ ವಹಿಸುವ ಯೋಜನೆಯನ್ನು ಗುಜರಾತ್ ಸರ್ಕಾರ 2020ರ ಡಿಸೆಂಬರಿನಲ್ಲಿ ಪ್ರಕಟಿಸಿತು. ಇದರಿಂದ ಕೆಲಸ ಚುರುಕಾಗಬಹುದಾದರೂ, ತಪಾಸಣೆ ಮಾಡುವವನಿಗೆ ಮಾಲೀಕನೇ ಸಂಬಳ ತೆರುವ ಏರ್ಪಾಟಿನ ಮೇಲೆ ಪಾಲಿಕೆಯ ನಿಗಾ ಬಿಗಿಯಾಗಿರಲೇಬೇಕು. 2024ರ ಮೇ 25ರಂದು ರಾಜಕೋಟದ ಟಿ.ಆರ್.ಪಿ. ಗೇಮ್ ಝೋನ್‌ನಲ್ಲಿ 27 ಜನ ಬೆಂದು ಸತ್ತರು. ಆ ಸ್ಥಳಕ್ಕೆ ಅಗ್ನಿಶಾಮಕ ಪ್ರಮಾಣಪತ್ರವೇ ಇರಲಿಲ್ಲ. ಮರುದಿನ ಭಾನುವಾರವಾಗಿದ್ದರೂ ಗುಜರಾತ್ ಉಚ್ಚ ನ್ಯಾಯಾಲಯ ಸ್ವಯಂಪ್ರೇರಣೆಯಿಂದ ವಿಚಾರಣೆಗೆ ತೆಗೆದುಕೊಂಡಿತು. ಹಿಂದಿನ ದುರಂತಗಳ ನಂತರ ನಡೆದಂತೆ ಈ ಬಾರಿಯೂ ರಾಜ್ಯದಾದ್ಯಂತ ಕಟ್ಟಡಗಳಿಗೆ ಬೀಗಮುದ್ರೆ ಬಿತ್ತು.

ಅಗ್ನಿಶಾಮಕ ದಳದ ಕರೆಸಂಖ್ಯೆ 101. ಒಳಗಿನವರನ್ನೆಲ್ಲ ಹೊರಗೆ ಕಳಿಸಿ, ಬೆಂಕಿ ತಾನಾಗಿ ಆರಿದಂತೆ ಕಂಡರೂ ಆ ಸಂಖ್ಯೆಗೆ ಕರೆ ಮಾಡಬೇಕು. ಗೋಡೆ, ಚಾವಣಿಗಳ ಸಂದಿಯಲ್ಲಿ ಉಳಿದ ಕೆಂಡ ಗಂಟೆಗಳ ನಂತರವೂ ಮತ್ತೆ ಹೊತ್ತಿಕೊಳ್ಳುತ್ತದೆ.