ಯಾವುದು ಕಸ, ಯಾವುದು ಆಸ್ತಿ?

ಮೊನ್ನೆ ಹುಣಸೂರಿಗೆ ಹೋದಾಗ ಭಾವನ ಡಿಟಿಪಿ ಅಂಗಡಿಯ ಹಳೇ ಕಂಪ್ಯೂಟರು ನನ್ನ ಪಾಲಿಗೆ ಬಂತು. "ಸಿ ಡ್ರೈವ್ ತುಂಬಿಹೋಗಿದೆ ಕಣಪ್ಪ, ಬೇಡದ್ದೆಲ್ಲ ತೆಗೆದುಹಾಕು" ಅಂದರು. ಸಾಫ್ಟ್‌ವೇರಿನವನು ಅಂತ ಊರಲ್ಲಿ ಹೆಸರಾದ ಮೇಲೆ ತಪ್ಪಿಸಿಕೊಳ್ಳೋಕಾಗುತ್ತಾ?

ಪಟ್ಟಿ ತೆರೆದರೆ ವಿಷುಯಲ್ ಸಿ ಪ್ಲಸ್ ಪ್ಲಸ್ ರೀಡಿಸ್ಟ್ರಿಬ್ಯೂಟಬಲ್ 2005, 2008, 2010, 2012, 2013... ಮದುವೆ ಮನೆ ಪಂಕ್ತಿ ಥರ ಸಾಲಾಗಿ ಕೂತಿವೆ. ನೋಡಿದವರು ಹೊಸದೊಂದನ್ನು ಉಳಿಸಿ ಮಿಕ್ಕಿದ್ದೆಲ್ಲ ಅಳಿಸೋಣ ಅಂತಾರೆ. ಹಾಗೆ ಮಾಡಬಾರದು. ಇದಕ್ಕೊಂದು ಇತಿಹಾಸ ಇದೆ.

ತೊಂಬತ್ತರ ದಶಕದಲ್ಲಿ ಎಲ್ಲ ತಂತ್ರಾಂಶಗಳೂ ತಮ್ಮ ಡಿಎಲ್ಎಲ್ ಕಡತಗಳನ್ನು ವಿಂಡೋಸಿನ ಒಂದೇ ಫೋಲ್ಡರಿಗೆ ಸುರಿಯುತ್ತಿದ್ದವು. ಹೊಸದು ಬಂದು ಹಳೆಯದರ ಮೇಲೆ ಕೂತರೆ ಅದನ್ನು ನಂಬಿದ್ದ ಇನ್ನೊಂದು ತಂತ್ರಾಂಶ ಮಲಗಿಬಿಡುತ್ತಿತ್ತು. 'ಡಿಎಲ್ಎಲ್ ನರಕ' ಅಂತಲೇ ಅದಕ್ಕೆ ಹೆಸರು. ಅದನ್ನು ತಪ್ಪಿಸಲು ಒಂದೊಂದು ಆವೃತ್ತಿಗೂ ಬೇರೆ ಬೇರೆ ಕಡತ ಬಂತು. 2008ರಲ್ಲಿ ಬರೆದ ತಂತ್ರಾಂಶಕ್ಕೆ 2008ರದ್ದೇ ಬೇಕು, 2010ರದ್ದು ನಡೆಯೋಲ್ಲ. 2015ರಿಂದ ಈಚಿನವಕ್ಕೆ ಮಾತ್ರ ಒಂದೇ ಸಾಕು.

ನಾನು ಇಟ್ಟುಕೊಂಡಿರುವ ನಿಯಮ ಸರಳ: ಮತ್ತೆ ತಾನಾಗಿ ಹುಟ್ಟುವುದನ್ನು ಅಳಿಸಬಹುದು, ಹುಟ್ಟದ್ದನ್ನು ಮುಟ್ಟಬಾರದು. ನನ್ನ ಮ್ಯಾಕ್‌ನಲ್ಲಿ ಎಕ್ಸ್‌ಕೋಡ್‌ನ ಡಿರೈವ್ಡ್ ಡೇಟಾ ಅಳಿಸಿದರೆ ಮುಂದಿನ ಬಿಲ್ಡಿನಲ್ಲಿ ಅದು ಮತ್ತೆ ತಯಾರಾಗುತ್ತದೆ. ಡಿವೈಸ್ ಸಪೋರ್ಟ್ ಕಡತಗಳು ಫೋನ್ ಸಿಕ್ಕಿಸಿದರೆ ಮತ್ತೆ ಬರುತ್ತವೆ, ಆ ಫೋನು ಇನ್ನೂ ಕೈಯಲ್ಲಿದ್ದರೆ! ಆರ್ಕೈವ್ಸ್ ಮಾತ್ರ ಹಾಗಲ್ಲ. ಬಿಡುಗಡೆಯಾದ ಆಪ್ ಎಲ್ಲಿ ಕುಸಿಯಿತು ಅಂತ ಓದಲು ಬೇಕಾದ ಕುರುಹುಗಳು ಅದರಲ್ಲಿರುತ್ತವೆ.

ಈ ನಿಯಮ ಕಲಿಯಲು ನಾನು ತೆತ್ತ ಬೆಲೆ ದೊಡ್ಡದು. 2009ರಲ್ಲಿ ಅಪ್ಪನ ಕಂಪ್ಯೂಟರನ್ನು ಫಾರ್ಮ್ಯಾಟ್ ಮಾಡಿದ್ದೆ. ಅಪ್ಪ ಬರೆದಿದ್ದ ಕಡತಗಳನ್ನೆಲ್ಲ ಸಿಡಿಗೆ ಹಾಕಿದೆ. ಫಾಂಟು ತಾನೇ, ನುಡಿ, ಬರಹ ಎಲ್ಲೆಂದರಲ್ಲಿ ಸಿಗುತ್ತೆ ಅಂದುಕೊಂಡು ಅದನ್ನು ಬಿಟ್ಟೆ. ಆದರೆ ಅಪ್ಪ ಬಳಸಿದ್ದು ಅವೆರಡೂ ಅಲ್ಲ, ಇನ್ಯಾವುದೋ ಖಾಸಗಿ ಫಾಂಟು.

ನಿಮಗೆಲ್ಲ ಗೊತ್ತೇ ಇದೆ. 1991ರಲ್ಲೇ ಯುನಿಕೋಡಿನಲ್ಲಿ ಕನ್ನಡಕ್ಕೆ ಜಾಗ ಸಿಕ್ಕಿತು. 1998ರಲ್ಲಿ ಬರಹ ಬಂತು. 2001ರ ವಿಂಡೋಸ್ ಎಕ್ಸ್‌ಪಿ ಜೊತೆ ತುಂಗಾ ಫಾಂಟು ಬಂತು. ಆದರೂ ಡಿಟಿಪಿಯವರು ಪೇಜ್‌ಮೇಕರ್ ನಂಬಿದ್ದರಿಂದ ಆಸ್ಕಿ ಫಾಂಟು ಬಿಡಲಿಲ್ಲ. ಅಲ್ಲಿ ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ತುಂಡುಗಳು ಕೂತಿರುತ್ತವೆ. ಯಾವ ತುಂಡು ಎಲ್ಲಿ ಅನ್ನುವುದು ಫಾಂಟು ಮಾಡಿದವರ ಇಷ್ಟ. ಫಾಂಟು ಹೋದರೆ ಬರೆದದ್ದೆಲ್ಲ ತಲೆಬುಡವಿಲ್ಲದ ಚಿಹ್ನೆ.

ಅಪ್ಪ ಬರೆದಿದ್ದು ನಮ್ಮ ನಾಲ್ಕು ತಾಲ್ಲೂಕುಗಳ ವೀರಗಲ್ಲು, ಮಾಸ್ತಿಕಲ್ಲು, ಊರಹೆಸರುಗಳ ಟಿಪ್ಪಣಿ. ಪಿರಿಯಾಪಟ್ಟಣದ ಕೋಟೆಯ ಸುತ್ತ, ಎಡತೊರೆ ಅಂತಿದ್ದ ಕೆ.ಆರ್.ನಗರದ ಕಡೆ ಸೈಕಲ್ ತುಳಿದು ಕೂಡಿಸಿದ್ದು. ಎಚ್.ಡಿ.ಕೋಟೆಯ ಪುಟಗಳಲ್ಲಿ ಕಬಿನಿ ಹಿನ್ನೀರಿಗೆ ಸೇರಿದ ಊರುಗಳ ಹೆಸರುಗಳಿದ್ದವು. ಪುನ್ನಾಟದ ರಾಜಧಾನಿ ಕೀರ್ತಿಪುರ, ಈಗಿನ ಕಿತ್ತೂರು, ಆ ಕಡೆಯದೇ. ಕಬಿನಿ ಮುಳುಗಿಸಿದ ಊರುಗಳನ್ನು ನಾನೊಂದು ಸಲ ಕ್ಲಿಕ್ಕಿಸಿ ಎರಡನೇ ಸಲ ಮುಳುಗಿಸಿದ್ದೆ. ಅಪ್ಪ ಬೈಯಲಿಲ್ಲ. "ಹೋಗ್ಲಿ ಬಿಡು ಮಗಾ" ಅಂದರು. ಈಗ ಅವರಿಲ್ಲ.

ಮೊನ್ನೆ ಭಾವನ ಫಾಂಟ್ ಫೋಲ್ಡರ್ ತೆರೆದು, ಗುರುತಿಲ್ಲದ ಫಾಂಟುಗಳನ್ನೆಲ್ಲ ಆರಿಸಿ ಡಿಲೀಟ್ ಒತ್ತುವವನಿದ್ದೆ. ಒಂದು ಹೆಸರು ಎಲ್ಲೋ ನೋಡಿದ ಹಾಗಿತ್ತು. ಅಪ್ಪನ ಪುಟಗಳನ್ನು ಬಣ್ಣಬಣ್ಣದ ಕಂಬಿ ಹಾಕಿ ಜೋಡಿಸಿಕೊಟ್ಟಿದ್ದು ಇದೇ ಅಂಗಡಿಯಲ್ಲವೇ! ಮನೆಗೆ ಓಡಿ ಸಿಡಿ ತಂದೆ. ಪುಟ ತೆರೆಯಿತು. ಅಕ್ಷರ ಕನ್ನಡವಾಗಿ ಕಾಣಿಸಿತು.

ಕನ್ವರ್ಟರುಗಳಿಗೆ ಈ ಫಾಂಟಿನ ಪರಿಚಯ ಇಲ್ಲ. ಹಾಗಾಗಿ ದಿನಕ್ಕೆರಡು ಪುಟ ಯುನಿಕೋಡಿನಲ್ಲಿ ಕೈಯಾರೆ ಟೈಪಿಸುತ್ತಿದ್ದೇನೆ. ನೀವು ಹಳೇ ಕಂಪ್ಯೂಟರ್ ಗುಡಿಸುವ ಮುಂಚೆ ಫಾಂಟ್ ಫೋಲ್ಡರನ್ನೊಮ್ಮೆ ನಕಲು ಮಾಡಿಟ್ಟುಕೊಳ್ಳಿ. ತೂಕ ಹೆಚ್ಚೇನಿಲ್ಲ.

ಭಾವನ ಸಿ ಡ್ರೈವಾ? ಟೆಂಪ್ ಫೋಲ್ಡರು, ಹಳೇ ಇನ್‌ಸ್ಟಾಲರುಗಳು ಹೋದ ಮೇಲೆ ಆರಾಮಾಗಿದೆ :)