ಸೋಲಿಗೆ ಇಟ್ಟ ಹೆಸರುಗಳು

1967ರ ಜೂನ್ 5ರ ಬೆಳಿಗ್ಗೆ ಇಸ್ರೇಲಿನ ವಿಮಾನಗಳು ಕೆಲವೇ ಗಂಟೆಗಳಲ್ಲಿ ಈಜಿಪ್ಟಿನ ವಾಯುಪಡೆಯ ಬಹುಭಾಗವನ್ನು ನೆಲದ ಮೇಲೆಯೇ ನಾಶ ಮಾಡಿದವು. ಆ ಹೊತ್ತಿಗೆ ಕೈರೋದ ‘ಸೌತ್ ಅಲ್-ಅರಬ್’, ಅಂದರೆ ‘ಅರಬರ ದನಿ’ ರೇಡಿಯೋದಲ್ಲಿ ಅಹ್ಮದ್ ಸಯೀದ್ ಶತ್ರುವಿನ ವಿಮಾನಗಳನ್ನು ಹೊಡೆದುರುಳಿಸಿದ ಸುದ್ದಿ ಸಾರುತ್ತಿದ್ದರು. ಆರು ದಿನ ಕಳೆಯುವಷ್ಟರಲ್ಲಿ ಸಿನಾಯ್, ಗಾಜಾ, ಪಶ್ಚಿಮ ದಂಡೆ, ಪೂರ್ವ ಜೆರುಸಲೆಂ, ಗೋಲನ್ ಎಲ್ಲವೂ ಅರಬರ ಕೈತಪ್ಪಿದ್ದವು.

ರೇಡಿಯೋದ ಸುಳ್ಳು ಬೇಗ ಬಯಲಾಯಿತು. ಅದಕ್ಕಿಂತ ಹೆಚ್ಚು ಕಾಲ ಬಾಳಿದ್ದು ಒಂದು ಪದ. ಜೂನ್ 9ರಂದು ಅಧ್ಯಕ್ಷ ನಾಸೆರ್ ರಾಜೀನಾಮೆ ಘೋಷಿಸಿದ ಭಾಷಣದಲ್ಲಿ ನಡೆದದ್ದನ್ನು ‘ನಕ್ಸಾ’ ಎಂದು ಕರೆದರು. ಭಾಷಣ ಬರೆದುಕೊಟ್ಟವರು ‘ಅಲ್-ಅಹ್ರಾಮ್’ ಪತ್ರಿಕೆಯ ಸಂಪಾದಕ ಮೊಹಮದ್ ಹಸನೈನ್ ಹೈಕಲ್. ನಕ್ಸಾ ಎಂದರೆ ಹಿನ್ನಡೆ. ವಾಸಿಯಾಗುತ್ತಿದ್ದ ರೋಗಿಗೆ ಕಾಯಿಲೆ ಮರುಕಳಿಸಿದರೂ ಅರಬ್ಬಿಯಲ್ಲಿ ಇದೇ ಮಾತು. ಹೊಣೆ ತನ್ನದೇ ಎಂದು ನಾಸೆರ್ ಹೇಳಿದರು, ನಿಜ. ಆದರೆ ಪದ ಬೇರೊಂದನ್ನು ಸೂಚಿಸುತ್ತಿತ್ತು: ದಾರಿ ಸರಿಯಾಗಿಯೇ ಇದೆ, ಕಾಲು ಸ್ವಲ್ಪ ಜಾರಿತು ಅಷ್ಟೆ. ಜನ ಬೀದಿಗಿಳಿದರು, ಮರುದಿನವೇ ರಾಜೀನಾಮೆ ವಾಪಸಾಯಿತು. ಚುನಾವಣೆಯಲ್ಲಿ ನೆಲಕಚ್ಚಿದ ಪಕ್ಷಕ್ಕೂ ‘ಹಿನ್ನಡೆ’ ಎಂದೇ ಬರೆಯುವ ನಮ್ಮ ಪತ್ರಿಕೆಗಳನ್ನು ಓದುವವರಿಗೆ ಈ ಜಾಣತನ ಹೊಸದೇನಲ್ಲ.

ನಕ್ಸಾಕ್ಕೆ ಹಿಂದೆಯೇ ‘ನಕ್ಬಾ’ ಎಂಬ ಪದವಿತ್ತು, ಮಹಾವಿಪತ್ತು ಎಂದರ್ಥ. ಬ್ರಿಟನ್ ಮತ್ತು ಫ್ರಾನ್ಸ್ ಅರಬ್ ನಾಡುಗಳನ್ನು ಹಂಚಿಕೊಂಡ 1920ನ್ನೂ ನಕ್ಬಾದ ವರ್ಷ ಎನ್ನುತ್ತಿದ್ದರು. 1948ರಲ್ಲಿ ಡಮಾಸ್ಕಸ್ ಮೂಲದ ಇತಿಹಾಸಕಾರ ಕಾನ್‌ಸ್ಟಂಟೈನ್ ಜುರೈಕ್ ಬೈರೂತಿನಲ್ಲಿ ‘ನಕ್ಬಾದ ಅರ್ಥ’ ಎಂಬ ಪುಸ್ತಕ ಪ್ರಕಟಿಸಿದರು. ಪ್ಯಾಲೆಸ್ತೀನ್ ಕೈತಪ್ಪಿದ್ದಕ್ಕೆ ಕಾರಣಗಳನ್ನು ಅವರು ಅರಬ್ ದೇಶಗಳ ಒಳಗೇ ಹುಡುಕಿದರು.

ಈ ಪದಗಳ ಜಾಡು ಹಿಡಿದು ಹೊರಟ ನನ್ನನ್ನು ತಡೆದು ನಿಲ್ಲಿಸಿದವರು ಸಿರಿಯಾದ ತತ್ತ್ವಶಾಸ್ತ್ರಜ್ಞ ಸಾದಿಕ್ ಜಲಾಲ್ ಅಲ್-ಅಜ್ಮ್. ಕಾಂಟ್‌ನನ್ನು ಓದಿ ಬೋಧಿಸುತ್ತಿದ್ದ ಅವರು 1968ರಲ್ಲಿ ‘ಸೋಲಿನ ನಂತರದ ಆತ್ಮವಿಮರ್ಶೆ’ ಬರೆದರು. ಎಲ್ಲರೂ ನಕ್ಸಾ ಎನ್ನುತ್ತಿದ್ದಾಗ ಅವರು ತಮ್ಮ ಪುಸ್ತಕದ ಹೆಸರಿನಲ್ಲೇ ‘ಹಜೀಮಾ’, ಅಂದರೆ ಸೋಲು, ಎಂದು ನೇರವಾಗಿ ಇಟ್ಟರು. ಜೂನ್ ಯುದ್ಧವನ್ನು ನಕ್ಬಾ ಎನ್ನುವುದಕ್ಕೂ ಅವರು ಒಪ್ಪಲಿಲ್ಲ. ವಿಪತ್ತಿಗೆ ಸಿಕ್ಕವರನ್ನು ಯಾರೂ ಹೊಣೆ ಮಾಡುವುದಿಲ್ಲ. ಹಾಗಾಗಿ ಆ ಪದ ಜವಾಬ್ದಾರಿಯಿಂದ ನುಣುಚಿಕೊಳ್ಳಲು ನೆರವಾಗುತ್ತದೆ ಎಂಬುದು ಅವರ ವಾದ. 1904–05ರಲ್ಲಿ ದೈತ್ಯ ರಷ್ಯಾ ಪುಟ್ಟ ಜಪಾನಿನೆದುರು ಸೋತದ್ದರೊಂದಿಗೆ ಹೋಲಿಸಿ, ಸೋಲಿನ ಬೇರುಗಳನ್ನು ಸಮಾಜದ ರಚನೆಯಲ್ಲೇ ನೋಡಬೇಕೆಂದರು.

ಅಜ್ಮ್ ಅವರ ವಾದವನ್ನು ನಾನು ಒಪ್ಪುತ್ತೇನೆ, ಆದರೆ ಪೂರ್ತಿಯಾಗಿ ಅಲ್ಲ. 1948ರಲ್ಲಿ ಏಳು ಲಕ್ಷಕ್ಕೂ ಹೆಚ್ಚು ಪ್ಯಾಲೆಸ್ತೀನಿಯರು ಮನೆಮಠ ಕಳೆದುಕೊಂಡರು. ಬೀಗದ ಕೈ ಹಿಡಿದು ಊರು ಬಿಟ್ಟ ಹೆಂಗಸು ಯಾವ ಸೇನೆಯನ್ನೂ ನಡೆಸಿರಲಿಲ್ಲ, ಯಾವ ಭಾಷಣವನ್ನೂ ಮಾಡಿರಲಿಲ್ಲ. ಆಕೆಗೆ ಅದು ವಿಪತ್ತೇ. ಅವಳ ಬಾಯಲ್ಲಿ ನಕ್ಬಾ ಎಂಬುದು ಸಾಕ್ಷಿ ನುಡಿ. ಮಂತ್ರಿಯ ಬಾಯಲ್ಲಿ ಅದೇ ಪದ ತಪ್ಪಿಸಿಕೊಳ್ಳುವ ಕಿಂಡಿ. ಆ ಸಾಕ್ಷಿಗೆ ಹೆದರುವವರೂ ಇದ್ದಾರೆ: ಸ್ವಾತಂತ್ರ್ಯ ದಿನವನ್ನು ಶೋಕದ ದಿನವಾಗಿ ಆಚರಿಸುವ ಸಂಸ್ಥೆಗಳ ಸರ್ಕಾರಿ ಅನುದಾನಕ್ಕೆ ಕತ್ತರಿ ಹಾಕಲು ಇಸ್ರೇಲ್ 2011ರಲ್ಲಿ ಕಾನೂನನ್ನೇ ತಂದಿತು.

ಹೀಗಾಗಿ ಪದ ಸರಿಯೋ ತಪ್ಪೋ ಎಂಬುದನ್ನು ನಿಘಂಟು ನೋಡಿ ನಿರ್ಧರಿಸಲು ನನಗೆ ಸಾಧ್ಯವಾಗುವುದಿಲ್ಲ. ಯುದ್ಧದ ಸುದ್ದಿ ಓದುವಾಗಲೆಲ್ಲ ಈಗ ಎರಡು ಪ್ರಶ್ನೆ ಕೇಳಿಕೊಳ್ಳುತ್ತೇನೆ: ಈ ಹೆಸರಿಟ್ಟವರು ಯಾರು? ಇದರಿಂದ ಯಾರ ಹೆಗಲ ಭಾರ ಇಳಿಯಿತು?